ರೈಲು ಕಂಬಿಯ ಮೇಲಿಟ್ಟ ಅಂಗೈ

ಟಕ್.

ಇಷ್ಟೇ ಸದ್ದು. ಕಾರು ತಿರುಗುವ ಮುನ್ನ ಬಾಗಿಲ ಪಕ್ಕದ ಕಂಬದೊಳಗೆ ಮಡಚಿಕೊಂಡಿದ್ದ ಗೇಣುದ್ದದ ಕೆಂಪು ಕೈಯೊಂದು ಹೊರಕ್ಕೆ ಚಾಚಿಕೊಳ್ಳುತ್ತಿತ್ತಲ್ಲ, ಅದರ ಸದ್ದು. ಟ್ರಾಫಿಕೇಟರ್ ಎನ್ನುತ್ತಿದ್ದರು ಅದಕ್ಕೆ. ಬಲಕ್ಕೆ ತಿರುಗುವುದಾದರೆ ಬಲಗಡೆಯದು, ಎಡಕ್ಕಾದರೆ ಎಡಗಡೆಯದು. ಒಳಗೊಂದು ಪುಟ್ಟ ಬಲ್ಬು ಬೇರೆ. ಈಗಿನ ಕಾರುಗಳು ಬೆಲ್ಟ್ ಹಾಕದಿದ್ದರೂ ಗದರುತ್ತವೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಗದರುತ್ತವೆ. ಮೊಮ್ಮಗಳ ಕಾರಿನಲ್ಲಿ ಕೂತಾಗಲೆಲ್ಲ ನನ್ನ ಕಿವಿ ಮಾತ್ರ ಆ ಒಂದು ಟಕ್‌ಗಾಗಿ ಕಾಯುತ್ತಿರುತ್ತದೆ. ಸಿಲ್ಲಿ, ಐ ನೋ.

ನಮ್ಮಪ್ಪ ಮಂಡ್ಯದಲ್ಲಿ ಡಾಕ್ಟರಾಗಿದ್ದರು. ಕಾಲುವೆ ನೀರು ಬಂದ ಮೇಲೆ ಆ ಸೀಮೆಯಲ್ಲಿ ಭತ್ತ, ಕಬ್ಬು ಎಷ್ಟು ಬೆಳೆಯಿತೋ ಸೊಳ್ಳೆಯೂ ಅಷ್ಟೇ ಬೆಳೆಯಿತು. ಊರೂರಿಗೆ ಚಳಿಜ್ವರ. ವಾರಕ್ಕೆ ನಾಲ್ಕು ದಿನ ಅಪ್ಪ ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ದುದ್ದ, ಕೊಪ್ಪ, ಮದ್ದೂರು, ಮಳವಳ್ಳಿ ಎಂದು ಹೊರಡುತ್ತಿದ್ದರು. ಅದಕ್ಕಾಗಿ ಕೊಂಡಿದ್ದು ಆ ಹಳೆಯ ಕರಿ ಕಾರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಬೋರ್ಡರ್. ಬೇಸಿಗೆ ರಜೆಗೆ ಬಂದಾಗ ಮುಂದಿನ ಎಡ ಸೀಟು ನನ್ನದು. ತೊಡೆಯ ಮೇಲೆ ಚಳಿಜ್ವರದ ಕ್ವಿನೈನ್ ಮಾತ್ರೆಯ ಡಬ್ಬ. ಹಿಂದಿನ ಸೀಟಿನಲ್ಲಿ ಅಪ್ಪ, ಅವರ ಪೇಪರು. ಬಲಕ್ಕೆ ಡ್ರೈವರಣ್ಣ.

ಡ್ರೈವರಣ್ಣ ಬಸರಾಳಿನವನು. ಹದಿನೆಂಟು ವಯಸ್ಸಿನವರೆಗೆ ಎತ್ತಿನ ಗಾಡಿ ಹೊಡೆದು, ಆಮೇಲೆ ಮೈಸೂರಿಗೆ ಹೋಗಿ ಮೋಟಾರು ಕಲಿತು ಬಂದಿದ್ದ. ಹಾಗಾಗಿ ಕಾರಿನ ಪ್ರತಿಯೊಂದು ಸೌಕರ್ಯಕ್ಕೂ ಅವನ ಹತ್ತಿರ ಒಂದು ಎತ್ತಿನ ಮಾತಿರುತ್ತಿತ್ತು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಎಳೆಯುವ ಚೋಕ್ ಎಂದರೆ "ಚಳೀಲಿ ನಡುಗೋ ಎತ್ತಿಗೆ ಗೋಣಿ ಒದ್ಸೋದು ಕಣಮ್ಮಣ್ಣಿ. ಬಿಸ್ಲು ಬಂದ ಮ್ಯಾಲೂ ಒದ್ಸೇ ಇದ್ರೆ ಉಸ್ರು ಕಟ್ತದೆ". ಆದ್ದರಿಂದ ಎರಡು ನಿಮಿಷಕ್ಕೆ ಅದನ್ನು ಒಳಕ್ಕೆ ತಳ್ಳಬೇಕು. ಎಂಜಿನ್ ಹೊರಡಿಸಲು ಕಾರಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಜೊತೆಗೇ ಇರಬೇಕು, ಸುತ್ತಿ ಹಿಡಿಯಬಾರದು. "ಈ ಎತ್ತೂ ಒದೀತದೆ. ಇಡ್ಕಂಡ್ರೆ ಮಣಿಕಟ್ಟು ಮುರೀತದೆ, ಬುಟ್ಟಂಗಿದ್ರೆ ಕೈ ಉಳೀತದೆ."

ಮುಂದಿನ ಗಾಜಿನ ಕೆಳಭಾಗವನ್ನು ಒಂದು ಪುಟ್ಟ ತಿರುಪಿನಿಂದ ಹೊರಕ್ಕೆ ತೆರೆಯಬಹುದಿತ್ತು. ಒಳಗೆ ಬರುವ ಗಾಳಿ, ಓಹ್, ಹೆವನ್ಲಿ! ಆದರೆ ಎದುರಿಗೆ ಕಬ್ಬಿನ ಗಾಡಿ ಕಂಡ ಕೂಡಲೇ ಅದನ್ನು ಮುಚ್ಚುವ ಕೆಲಸ ನನ್ನದು, ಹೊರಚಾಚಿದ ಸೋಗೆ ಮುಖಕ್ಕೆ ಬಡಿಯಬಾರದೆಂದು. ಮಳೆ ಬಂದರೆ ವೈಪರ್ ತಿರುಗಿಸುವುದೂ ನನ್ನದೇ, ಅದರ ಹಿಡಿ ಗಾಜಿನ ಮೇಲ್ಗಡೆ ಒಳಭಾಗದಲ್ಲಿತ್ತು. ಹಿಂದಿನ ಕಿಟಕಿಗೆ ಒಂದು ಪರದೆ. ಅದರ ದಾರ ಡ್ರೈವರಣ್ಣನ ತಲೆಯ ಹತ್ತಿರ ನೇತಾಡುತ್ತಿತ್ತು. ಬಿಸಿಲು ಅಪ್ಪನ ಕುತ್ತಿಗೆಗೆ ಹೊಡೆಯುತ್ತದೆಂದು ಅಪ್ಪ ಹೇಳುವ ಮೊದಲೇ ಅವನು ಅದನ್ನು ಇಳಿಸಿರುತ್ತಿದ್ದ.

ಇಷ್ಟೆಲ್ಲ ಇದ್ದರೂ ಅವನು ಬಳಸದ ವಸ್ತು ಒಂದಿತ್ತು. ಎತ್ತಿನ ಗಾಡಿಯ ಹಿಂದೆ ಹೋಗುವಾಗ ಹಾರನ್ ಒತ್ತುತ್ತಿರಲಿಲ್ಲ. ಎತ್ತು ಬೆದರಿದರೆ ಗಾಡಿ ಗದ್ದೆಗೆ ಎಂದು ಅವನಿಗೆ ಮೈಯಲ್ಲೇ ಗೊತ್ತಿತ್ತು. ಕಾರು ನಿಲ್ಲಿಸಿ, ಇಳಿದು, ನಾಲ್ಕು ಹೆಜ್ಜೆ ಓಡಿ ಗಾಡಿಯವನನ್ನು ಎಬ್ಬಿಸುತ್ತಿದ್ದ.

"ಲೇ, ಏಳ್ಲಾ! ನಿನ್ನೆತ್ತು ನಿನಗಿಂತ ಚೆಂದಾಗಿ ಗಾಡಿ ಒಡೀತಾವೆ!"

"ಅವು ಒಡೀಲಿ ಬುಡು. ಎಣ್ಣೆಗೆ ಚೀಟಿ ಇಡ್ಕಂಡು ನಿಲ್ಲೋನು ನೀನು ಕಣ್ಲಾ, ನನ್ನೆತ್ತಿಗೆ ಉಲ್ಲು ಸಾಕು!"

ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು. ಅಪ್ಪ ಪೇಪರಿನ ಹಿಂದೆ ನಕ್ಕಿದ್ದು ನನಗೆ ಕೇಳಿಸಿತು. ಗಾಡಿ ಎಡಕ್ಕೆ ಸರಿಯಿತು, ಟಕ್, ಬಲಗಡೆಯ ಕೆಂಪು ಕೈ ಹೊರಗೆ, ನಾವು ಮುಂದಕ್ಕೆ. ಆ ಟಕ್ ಕೇಳಿಸದೆ ಅವನು ಸ್ಟೀರಿಂಗ್ ತಿರುಗಿಸುತ್ತಿರಲಿಲ್ಲ. ಕೆಲವೊಮ್ಮೆ ಕೈ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಆಗ ಕಂಬಕ್ಕೆ ಮೊಣಕೈಯಿಂದ ಒಂದು ಗುದ್ದು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಮ್ಯಾನರ್ಸ್, ಮ್ಯಾನರ್ಸ್ ಎಂದು ಬಡಿದುಕೊಳ್ಳುತ್ತಿದ್ದರು. ಮ್ಯಾನರ್ಸ್ ಅಂದರೇನೆಂದು ನಾನು ಕಲಿತದ್ದು ಮಂಡ್ಯ–ಮದ್ದೂರು ರಸ್ತೆಯಲ್ಲಿ.

ನನಗೆ ಹನ್ನೆರಡಾದ ಬೇಸಿಗೆ. ರಜೆಗೆ ಬಂದ ಮೊದಲ ದಿನವೇ ಅಮ್ಮ ಗೊಣಗುತ್ತಿದ್ದರು: "ಡ್ರೈವರ್‌ಗೆ ಈಚೆಗೆ ಗಂಟಲು ಜೋರಾಗಿದೆ ಕಣೆ. ಪಕ್ಕದಲ್ಲಿ ನಿಂತೋರಿಗೆ ಹೊಲದಾಚೆ ಇದ್ದೋರಿಗೆ ಕೂಗೋ ಹಾಗೆ ಕೂಗ್ತಾನೆ." ಹಿಂದಿನ ಚಳಿಗಾಲದಲ್ಲಿ ಅವನಿಗೂ ಎರಡು ಸಲ ಜ್ವರ ಬಂದು ಹೋಗಿತ್ತೆಂದು ತಿಳಿಯಿತು. ಕಾರಿನಲ್ಲಿ ಕೂತೆ. ಮೊದಲ ತಿರುವಿನಲ್ಲಿ ಸ್ವಿಚ್ ಒತ್ತಿದ, ಟಕ್ ಎಂದಿತು. ಅವನು ತಿರುಗಿಸಲಿಲ್ಲ. ಕಿಟಕಿಯಿಂದ ತಲೆ ಹೊರಕ್ಕೆ ಹಾಕಿ, ಕೈ ಹೊರಗೆ ಬಂದಿದೆಯೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿ, ಆಮೇಲೆ ತಿರುಗಿಸಿದ. ಎರಡನೆಯ ತಿರುವಿನಲ್ಲೂ ಹಾಗೆಯೇ. ಗೇರು ಬದಲಿಸುವಾಗ ಅಂಗೈಯನ್ನು ಗೇರಿನ ಗುಂಡಿನ ಮೇಲೆ ಸ್ವಲ್ಪ ಹೊತ್ತು ಇಟ್ಟಿರುತ್ತಿದ್ದ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ.

ಮದ್ದೂರಿನ ದಾರಿಯಲ್ಲಿ ಹಿಂದಿನಿಂದ ಬಸ್ಸೊಂದು ಹಾರನ್ ಹೊಡೆಯಿತು. ನಮ್ಮ ಕಾರಿನದೇ ಧೂಳು ಎದ್ದು ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಬಸ್ಸು ಮತ್ತೆ ಮತ್ತೆ ಹೊಡೆಯಿತು. ಡ್ರೈವರಣ್ಣ ರಸ್ತೆಯ ನಡುವೆಯೇ ಸಾಗಿದ. ಅಪ್ಪ ಆ ದಿನ ಜೊತೆಗಿರಲಿಲ್ಲ. ಮದ್ದೂರಿನಲ್ಲಿ ಕ್ಯಾಂಪಿನಲ್ಲಿದ್ದ ಅವರಿಗೆ ನಾವು ಔಷಧಿ ಒಯ್ಯುತ್ತಿದ್ದೆವು. ನಾನು ಅವನ ತೋಳು ಹಿಡಿದು ಅಲ್ಲಾಡಿಸಿದೆ. ಬೆಚ್ಚಿಬಿದ್ದು ಕಾರನ್ನು ಎಡಕ್ಕೆ ತಂದು ನಿಲ್ಲಿಸಿದ. ಬಸ್ಸಿನವನು ಬೈದುಕೊಂಡು ಹೋದ. ಆ ಬೈಗುಳವೂ ಅವನಿಗೆ ಕೇಳಿಸಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕಿವೀಲಿ ಜೀರುಂಡೆ ಕೂತಾವೆ ಅಮ್ಮಣ್ಣಿ," ಎಂದ. "ಅಗ್ಲೂ ರಾತ್ರೀನೂ ಒಂದೇ ಸಮ. ಅದರಾಚೆ ಏನೂ ಕೇಳಾಕಿಲ್ಲ. ಓಯ್ತದೆ ಅಂತ ಕಾಯ್ತಾ ಇವ್ನಿ."

"ಅಪ್ಪನಿಗೆ ಹೇಳಬೇಕು ಡ್ರೈವರಣ್ಣ" ಎಂದು ಅವನ ಕಿವಿಯ ಹತ್ತಿರ ಕೂಗಿದೆ.

"ಏಳ್ಬ್ಯಾಡಿ. ಏಳುದ್ರೆ ಕೀ ಕಿತ್ಕತಾರೆ. ನನಗೂ ಕಿವುಡನ ಕೈಗೆ ಕೀ ಕೊಡೋ ಮನಸ್ಸು ಬರಾಕಿಲ್ಲ, ಅದು ಸರಿಯೇ. ಆದ್ರೆ ಈ ಸ್ಟೇರಿಂಗು ಬುಟ್ರೆ ನಾನು ಯಾರವ್ವ? ಈ ರಜಾ ಮುಗಿಯೋಗಂಟ ಕಾಯಿರಿ. ಅಷ್ಟ್ರಲ್ಲಿ ಓಗದಿದ್ರೆ ನಾನೇ ಏಳ್ತೀನಿ."

ಹೀಗೆ ನಾನು ಅವನ ಕಿವಿಯಾದೆ. ಹಿಂದಿನಿಂದ ಗಾಡಿ ದಾರಿ ಕೇಳಿದರೆ ಅವನ ಎಡತೋಳಿಗೆ ಒಂದು ತಟ್ಟು. ರೈಲಿನ ಸದ್ದು ಬಂದರೆ ಎರಡು. ಟ್ರಾಫಿಕೇಟರ್ ಹೊರಗೆ ಬಂದಿತೆಂದರೆ ನಾನು ತಲೆಯಾಡಿಸಬೇಕು. ಆದರೂ ಅವನು ಒಮ್ಮೆ ಇಣುಕಿ ನೋಡದೆ ತಿರುಗಿಸುತ್ತಿರಲಿಲ್ಲ. ಐ ಮಸ್ಟ್ ಸೇ, ಅವನು ಅಷ್ಟು ಜೋಪಾನವಾಗಿ ಓಡಿಸಿದ್ದನ್ನು ಕಿವಿ ಸರಿಯಿದ್ದಾಗಲೂ ನಾನು ಕಂಡಿರಲಿಲ್ಲ. ಎಂಜಿನ್ನಿನ ಒಂದು ಪ್ಲಗ್ ಕೆಟ್ಟಿದ್ದನ್ನು ಅಂಗಾಲಿನಿಂದಲೇ ಹೇಳಿದ. ಬಿಚ್ಚಿ ನೋಡಿದರೆ ಕರಿ ಹಿಡಿದಿತ್ತು. ಆ ಇಡೀ ರಜೆ ನಾನು ಒಂದು ಹಾಡು ಗುನುಗಲಿಲ್ಲ, ಕಿಟಕಿಯಾಚೆಯ ಒಂದು ಹಕ್ಕಿಯನ್ನೂ ನೋಡಲಿಲ್ಲ. ಸದಾ ಭಯ, ಅದರ ಜೊತೆಗೊಂದು ಜಂಬ.

ರಜೆ ಮುಗಿಯಲು ಇನ್ನು ಐದು ದಿನ ಉಳಿದಿತ್ತು. ಜೀರುಂಡೆಗಳು ಹೋಗಿರಲಿಲ್ಲ. ಮದ್ದೂರಿನ ಆಚೆ ಕಾಲುವೆ ಪಕ್ಕದ ಒಂದು ಹಳ್ಳಿಗೆ ಹೋಗುವಾಗ ಗೇಟಿಲ್ಲದ ರೈಲು ದಾರಿಯೊಂದನ್ನು ದಾಟಬೇಕಿತ್ತು. ಎರಡೂ ಕಡೆ ಆಳೆತ್ತರ ಕಬ್ಬು, ಏನೂ ಕಾಣದು. ಅಪ್ಪ ಹಿಂದೆ ಕೂತಿದ್ದರು. ಇನ್ನೂ ಹತ್ತು ಮಾರು ದೂರವಿರುವಾಗಲೇ ರೈಲಿನ ಸಿಳ್ಳೆ ಉದ್ದಕ್ಕೆ ಕೇಳಿಸಿತು. ನಾನು ತೋಳಿಗೆ ಎರಡು ತಟ್ಟಿದೆ. ಡ್ರೈವರಣ್ಣ ತಲೆಯಾಡಿಸಿ ಬ್ರೇಕ್ ಹಾಕಿದ, ಹ್ಯಾಂಡ್‌ಬ್ರೇಕ್ ಎಳೆದ, ಮಾಮೂಲಿನಂತೆ ಇಳಿದು ಹೋದ. ರೈಲಿನ ವಿಷಯದಲ್ಲಿ ಮಾತ್ರ ಅವನು ನನ್ನ ತಟ್ಟನ್ನೂ ನಂಬುತ್ತಿರಲಿಲ್ಲ. ಕಂಬಿಯ ಪಕ್ಕ ಮಂಡಿಯೂರಿ, ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟು, ಕಣ್ಣು ಮುಚ್ಚಿದ.

ಸಿಳ್ಳೆ ಮತ್ತೆ ಹೊಡೆಯಿತು, ಕಿವಿ ಕಿತ್ತುಹೋಗುವ ಹಾಗೆ. ಕಬ್ಬಿನಿಂದ ಗುಬ್ಬಚ್ಚಿಗಳೆಲ್ಲ ಎದ್ದವು. ಡ್ರೈವರಣ್ಣ ಕಣ್ಣು ಮುಚ್ಚಿಕೊಂಡೇ ಇನ್ನೂ ಕಂಬಿಯನ್ನು ಕೇಳುತ್ತಿದ್ದ. ಆಮೇಲೆ ಎದ್ದು, ಮಂಡಿ ಕೊಡವಿ, ಬಂದು ಸೀಟಿನಲ್ಲಿ ಕೂತು ಅಪ್ಪನಿಗೆ ಬಹಳ ಮರ್ಯಾದೆಯಿಂದ ಹೇಳಿದ: "ರೈಲು ಬತ್ತಾ ಐತೆ ಸ್ವಾಮಿ. ವಸಿ ತಡೀವಾ."

ಪೇಪರು ಕೆಳಗಿಳಿಯಿತು. ಅಪ್ಪ ಅವನನ್ನು ನೋಡಿದರು, ಅವನ ತೋಳಿನತ್ತ ಇನ್ನೂ ಚಾಚಿಕೊಂಡೇ ಇದ್ದ ನನ್ನ ಬೆರಳುಗಳನ್ನು ನೋಡಿದರು. ರೈಲು ಧಡಧಡ ಎಂದು ಹಾದುಹೋಯಿತು. ಅದು ಹೋದ ಮೇಲೆ ಅಪ್ಪ ಅವನ ಬೆನ್ನ ಹಿಂದಿನಿಂದ ಮೆಲ್ಲಗೆ, "ಡ್ರೈವರ್, ಎಷ್ಟು ದಿನದಿಂದ?" ಎಂದು ಕೇಳಿದರು. ಅವನು ಮುಂದೆ ನೋಡುತ್ತ ಕಾರನ್ನು ಗೇರಿಗೆ ಹಾಕುತ್ತಿದ್ದ. ಉತ್ತರ ನಾನೇ ಹೇಳಬೇಕಾಯಿತು.

ಅಪ್ಪ ಅವನನ್ನು ಇಳಿಸಿ, ಮರದ ನೆರಳಲ್ಲಿ ನಿಲ್ಲಿಸಿ, ಕಿವಿಯೊಳಗೆ ಟಾರ್ಚು ಹಾಕಿ ನೋಡಿದರು. "ಜ್ವರಕ್ಕೆ ಎಷ್ಟು ಮಾತ್ರೆ ತಗೊಂಡೆ?" ಎಂದು ಕಿವಿಯ ಹತ್ತಿರ ಕೂಗಿ, ಬೆರಳಲ್ಲೂ ತೋರಿಸಿ ಕೇಳಿದರು.

"ನೀವು ದಿನಕ್ಕೆ ಮೂರು ಅಂದ್ರಿ. ನಾನು ಆರು ನುಂಗ್ದೆ."

"ಯಾಕಯ್ಯ?"

"ಎಂಟು ದಿನದ ಜ್ವರ ನಾಕೇ ದಿನಕ್ಕೆ ಬುಟ್ಟೋಗ್ಲಿ ಅಂತ. ನಾನು ಮಲಗುದ್ರೆ ಕಾರು ನಿಲ್ತದೆ. ಕಾರು ನಿಂತ್ರೆ ನೀವು ನಿಲ್ತೀರಿ. ಅಲ್ಲಿ ಅಳ್ಳಿ ಅಳ್ಳೀಲಿ ಜನ ನಡುಗ್ತಾ ಕಾಯ್ತಿರ್ತಾರೆ."

ಎರಡನೆಯ ಸಲದ ಜ್ವರಕ್ಕೂ ಅದೇ ಲೆಕ್ಕ. ಅಪ್ಪ ಟಾರ್ಚು ಆರಿಸುವುದನ್ನು ಮರೆತು ನಿಂತಿದ್ದರು. ಅತಿಯಾದ ಕ್ವಿನೈನ್ ಕಿವಿಗೆ ಹೊಡೆಯುತ್ತದೆಂದು ಅವರಿಗೆ ಗೊತ್ತಿತ್ತು. ತಮ್ಮ ಡ್ರೈವರಿಗೆ ಅದನ್ನು ಹೇಳಬೇಕೆಂದು ಹೊಳೆದಿರಲಿಲ್ಲ. ಆಮೇಲೆ ಕೈ ಚಾಚಿದರು. ಡ್ರೈವರಣ್ಣ ಕೀಯನ್ನು ಒರೆಸಿ, ಅವರ ಅಂಗೈಗೆ ಇಟ್ಟ.

ಅಪ್ಪನಿಗೆ ಹೆಸರಿಗೆ ಲೈಸೆನ್ಸ್ ಇತ್ತು ಅಷ್ಟೆ. ಮಂಡ್ಯಕ್ಕೆ ಬರುವವರೆಗೆ ಗೇರುಗಳು ಕರಕರ ಎಂದು ಅತ್ತವು. ಡ್ರೈವರಣ್ಣ ಮೊದಲ ಬಾರಿ ಹಿಂದಿನ ಸೀಟಿನಲ್ಲಿ ಕೂತಿದ್ದ, ಒರಗದೆ, ತುದಿಯಲ್ಲಿ. ನಮ್ಮ ಬೀದಿಗೆ ತಿರುಗುವಾಗ ಹಿಂದಿನಿಂದ ಹೊಲದಾಚೆಗೆ ಕೂಗುವ ಆ ದನಿ ಬಂತು: "ಸ್ವಾಮಿ, ಕೈ! ಕೈ ಆಕಿ!" ಅಪ್ಪ ಸ್ವಿಚ್ ಹುಡುಕಿ ಒತ್ತಿದರು. ಟಕ್.

ಅಂದು ಸಂಜೆ ಅಪ್ಪ ನನ್ನನ್ನು ಕರೆದು, "ರಸ್ತೇಲಿ ನಡೆಯೋ ಅಷ್ಟೂ ಜನರ ಪ್ರಾಣ ನಿನ್ನ ಎರಡು ಬೆರಳಿನ ಮೇಲೆ ಇತ್ತು, ಗೊತ್ತಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಹೇಳಿದ್ದು ಸರಿ. ಈಗಲೂ ಸರಿ ಎನ್ನುತ್ತೇನೆ. ಆದರೂ ಆ ರೈಲು ದಾರಿಯಲ್ಲಿ ಇಳಿದು ನೋಡದೆ ದಾಟುವ ಎರಡೂ ಕಿವಿ ನೆಟ್ಟಗಿರುವ ಡ್ರೈವರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಉಳಿದ ಐದು ದಿನ ಡ್ರೈವರಣ್ಣ ಎಡ ಸೀಟಿನಲ್ಲಿ ಕೂತು ಅಪ್ಪನಿಗೆ ಕಾರು ಕಲಿಸಿದ. ಗೋಣಿ ಒದ್ಸಿ, ಗೋಣಿ ತೆಗೀರಿ, ಎಬ್ಬೆರಳು ಸುತ್ತಬ್ಯಾಡಿ, ಎತ್ತಿನ ಇಂದೆ ಆರನ್ ಬ್ಯಾಡ ಸ್ವಾಮಿ. ಅಷ್ಟು ದೊಡ್ಡ ಡಾಕ್ಟರು ಇಂಪೊಸಿಷನ್ ಬರೆಯುವ ಹುಡುಗನ ಹಾಗೆ ಅದನ್ನೆಲ್ಲ ಒಪ್ಪಿಸುತ್ತಿದ್ದರು. ಮನೆಯಲ್ಲೇ ಬೇರೆ ಕೆಲಸಕ್ಕೆ ಇರು ಎಂದು ಅಮ್ಮ ಎಷ್ಟೋ ಹೇಳಿದರು. "ಕಾರು ಕಣ್ ಮುಂದೆ ನಿಂತಿರುವಾಗ ನಾನು ಗಿಡಕ್ಕೆ ನೀರು ಉಯ್ಯಲಾ ಅವ್ವಾ?" ಎಂದು ನಕ್ಕು ಬಸರಾಳಿಗೆ ಹೊರಟುಹೋದ.

ಅವನನ್ನು ಕೊನೆಯ ಸಲ ನೋಡಿದ್ದು ಸ್ವಾತಂತ್ರ್ಯ ಬಂದ ವರ್ಷ. ನಾನು ಆಗ ಕಾಲೇಜು. ಅಪ್ಪನ ಜೊತೆ ಬಸರಾಳಿನ ಕಡೆಗೆ ಹೋಗುತ್ತಿದ್ದೆ. ಮುಂದೆ ಒಂದು ಎತ್ತಿನ ಗಾಡಿ. ಅಪ್ಪ ಕಾರು ನಿಧಾನ ಮಾಡಿದರು, ಹಾರನ್ ಒತ್ತಲಿಲ್ಲ, ಇಳಿದು ಹೋಗಿ ಕೂಗಲೆಂದು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಗಾಡಿ ತಾನಾಗಿಯೇ ಎಡಕ್ಕೆ ಸರಿಯಿತು. ಆಶ್ಚರ್ಯವಾಗಿ ನೋಡಿದೆ. ಗಾಡಿಯ ಬಲಗಡೆಯ ಗೂಟಕ್ಕೆ ಗುಂಡನೆಯ ಕ್ಷೌರದ ಕನ್ನಡಿಯೊಂದನ್ನು ಓರೆಯಾಗಿ ಕಟ್ಟಿತ್ತು. ಆ ಕನ್ನಡಿಯಲ್ಲಿ ನಮ್ಮ ಕರಿ ಕಾರು ಪುಟ್ಟದಾಗಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ, ತಲೆಗೂದಲು ನರೆತ ಡ್ರೈವರಣ್ಣನ ಅರ್ಧ ಮುಖ.

ನಾನು ಕಿಟಕಿಯಿಂದ ಕೈ ಬೀಸಿ ಕೂಗಿದೆ. ಕೇಳಿಸದೆಂದು ಗೊತ್ತಿದ್ದೂ ಕೂಗಿದೆ. ಅವನು ಹಿಂತಿರುಗಲಿಲ್ಲ. ಎತ್ತು, ರಸ್ತೆ ಎರಡರ ಮೇಲಿನಿಂದಲೂ ಕಣ್ಣು ತೆಗೆಯುವ ಮನುಷ್ಯನಲ್ಲ. ಕನ್ನಡಿಯಲ್ಲೇ ನಕ್ಕ. ಎದುರಿನಿಂದ ಏನೂ ಬರುತ್ತಿಲ್ಲವೆಂದು ಒಮ್ಮೆ ದೂರಕ್ಕೆ ನೋಡಿ, ಮುಂದೆ ಹೋಗಿ ಎಂದು ಬಲಗೈಯನ್ನು ನೆಟ್ಟಗೆ ಹೊರಕ್ಕೆ ಚಾಚಿದ. ನಾವು ಪೂರ್ತಿ ದಾಟುವವರೆಗೂ ಆ ಕೈ ಕೆಳಗಿಳಿಯಲಿಲ್ಲ.