ಗಾಳಿ ಕೆತ್ತಿದ ಕಲ್ಲುಗಳ ಹೊಂಡ

ಇದನ್ನು ಕಥೆ ಎಂದು ಓದುವವರು ಹಾಗೆಯೇ ಓದಿಕೊಳ್ಳಿ. ಆದರೆ ನನ್ನ ತಮ್ಮ ಸುಹಾಸನ ಎಡಗಣ್ಣಿಗೆ ಈಗ ಏನೂ ಕಾಣುವುದಿಲ್ಲ. ಅದು ಕಥೆಯಲ್ಲ. ಅವನಿಗೆ ಹಾಗಾದಾಗ ನಾನು ಅವನ ಕೂಗು ಕೇಳುವಷ್ಟು ಹತ್ತಿರ ನಿಂತಿದ್ದೆ. ಅದೂ ಕಥೆಯಲ್ಲ.

ನಾನು ಹತ್ತನೇ ತರಗತಿಗೇ ಶಾಲೆ ಬಿಟ್ಟವಳು. ಮದುವೆಯಾಗಿ ಉಡುಪಿಯಿಂದ ನೆದರ್ಲೆಂಡ್ಸಿಗೆ ಬಂದೆ. ಟಿಲ್‌ಬರ್ಗಿನ ಒಂದು ಗೋದಾಮಿನಲ್ಲಿ ಸಾಮಾನು ಪ್ಯಾಕ್ ಮಾಡುತ್ತೇನೆ. ಸುಹಾಸ ಓದಿದವನು. ಕಲ್ಲುಗಳ ಬಗ್ಗೆ ಸಂಶೋಧನೆ ಮಾಡಲು ಇಲ್ಲಿಗೇ ಬಂದ. ಅವನು ಬರುವ ಹಿಂದಿನ ದಿನ ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅವನನ್ನು ನೋಡ್ಕೊ."

ಟಿಲ್‌ಬರ್ಗಿನ ಹತ್ತಿರ ಪೈನ್ ಕಾಡಿನ ನಡುವೆ ಒಂದು ಮರಳುಗಾಡಿದೆ. ಇಲ್ಲಿನವರು ಅದನ್ನು 'ನಮ್ಮ ಸಹಾರ' ಎನ್ನುತ್ತಾರೆ. ಡಿಸೆಂಬರಿನ ಒಂದು ಭಾನುವಾರ ನಾನು, ಗಂಡ ರಾಜೇಶ, ಮಗಳು ಸಾನ್ವಿ, ಸುಹಾಸ, ಎಲ್ಲರೂ ಹೋದೆವು. ಹಿಂದಿನ ವಾರದ ಬಿರುಗಾಳಿಗೆ ಒಂದು ಕಡೆ ಮರಳು ಹಾರಿ ಹೊಂಡವಾಗಿತ್ತು. ಅದರ ತಳದಲ್ಲಿ ಕಲ್ಲುಗಳು ಎದ್ದಿದ್ದವು.

ಸುಹಾಸ ಮಗುವಿನ ಹಾಗೆ ಕುಣಿದ. "ಅಕ್ಕ, ಹಿಮಯುಗದಲ್ಲಿ ಇದೆಲ್ಲ ಚಳಿಯ ಮರುಭೂಮಿ. ಗಾಳಿ ಮರಳು ಎರಚಿ ಎರಚಿ ಈ ಕಲ್ಲುಗಳನ್ನು ಮಸೆದದ್ದು. ಮುಟ್ಟಿ ನೋಡು."

ಮುಟ್ಟಿದೆ. ಮೂರು ಮುಖದ ಕಲ್ಲು. ನಡುವಿನ ಅಂಚು ಮೀನು ಕೊಯ್ಯುವ ಕತ್ತಿಯ ಹಾಗೆ... ಬೆರಳಿಗೆ ತಾಗಿ ರಕ್ತ ಬಂತು.

"ಅಮ್ಮಾ, ತುಂಬಾ ಕೌಡ್! ಕ್ಯಾನ್ ವಿ ಗೋ?" ಚಳಿಗೆ ಇಲ್ಲಿನವರ ಮಾತು ಕೌಡ್; ಸಾನ್ವಿ ನಡುಗುತ್ತಿದ್ದಳು. ರಾಜೇಶ ಅವಳನ್ನು ಕಾಡಿನಂಚಿನ ಪ್ಯಾನ್‌ಕೇಕ್ ಅಂಗಡಿಗೆ ಕರೆದುಕೊಂಡು ಹೋದರು.

ಸುಹಾಸ ಮಾತ್ರ ಕದಲಲಿಲ್ಲ. ಗಾಳಿ ಕೊರೆದ ಸಣ್ಣ ಗೀರುಗಳು ಹಗಲಲ್ಲಿ ಕಾಣುವುದಿಲ್ಲವಂತೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆಯಬೇಕಂತೆ. ಚಳಿಗಾಲ, ಸಂಜೆ ಐದಕ್ಕೆಲ್ಲ ಕತ್ತಲು.

"ಬೇಗ ಮುಗ್ಸು ಮಾರಾಯ."

"ಎಂತ, ಹೆದರಿಕೆಯಾ? ಮೂರು ಸಲ ಕರೀತೇನೆ ಬಿಡು, ಆಮೇಲೆ ಬಾ!" ಎಂದು ನಕ್ಕು ಹೊಂಡಕ್ಕಿಳಿದ.

ಅವನು ಅಣಕಿಸಿದ್ದು ನಮ್ಮ ಅಜ್ಜಿಯ ಮಾತನ್ನು. ಕತ್ತಲಲ್ಲಿ ಯಾರಾದರೂ ಕರೆದರೆ ಮೊದಲ ಕರೆಗೆ ಓಗೊಡಬಾರದು, ಎರಡನೆಯದಕ್ಕೂ ಬೇಡ. ಮೂರನೆಯ ಸಲವೂ ಕರೆದರೆ ಅದು ಮನುಷ್ಯರೇ... ಹಾಗೆಂದು ಅಜ್ಜಿ ನಮಗೆ ಹೇಳುತ್ತಿದ್ದರು. ಅವನಿಗೆ ಅದು ಬರೀ ತಮಾಷೆ. ನನಗೆ ಅದು ಮೈಯಲ್ಲಿ ಇಳಿದುಬಿಟ್ಟಿತ್ತು.

ನಾನು ದಿಬ್ಬದ ಮೇಲೆ ಪೈನ್ ಮರಕ್ಕೆ ಒರಗಿ ನಿಂತೆ. ಕೆಳಗೆ ಅವನ ಟಾರ್ಚಿನ ಬೆಳಕು ಮಿನುಗುತ್ತಿತ್ತು. ಗಾಳಿ ಎದ್ದಿತು. ಬೆಳಕು ಆರಿತು.

ಟಕ್... ಟಕ್... ಕಲ್ಲಿಗೆ ಕಲ್ಲು ತಾಗಿದ ಸದ್ದು. ಬೆಣಚುಕಲ್ಲು ಕುಟ್ಟಿದಾಗ ಬರುವ ಸುಟ್ಟ ವಾಸನೆ.

"ಅಕ್ಕಾ..."

ಬಾಯಿ ತೆರೆದವಳು ಮುಚ್ಚಿಕೊಂಡೆ.

"ಅಕ್ಕಾ, ಇಲ್ಲಿ ಬಾ... ಬೇಗ ಬಾ!"

ಅದು ಅವನದೇ ದನಿ. ಅವನದೇ ಎಂದು ನನಗೆ ಗೊತ್ತಿತ್ತು. ಆದರೂ ಶಾಲನ್ನು ಹಲ್ಲಿನಲ್ಲಿ ಕಚ್ಚಿ ನಿಂತೆ. ಇನ್ನೊಂದು ಸಲ ಕರಿ, ಇನ್ನೊಂದೇ ಸಲ ಎಂದು ಒಳಗೊಳಗೇ ಬೇಡಿಕೊಂಡೆ.

ಕರೆ ಬರಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು ಬಂತು. ಮತ್ತೆ. ಮತ್ತೆ. ಅದರ ನಡುವೆ ಅವನ ಅಳು.

"ಬೇಡ ಅಕ್ಕ... ಹೊಡೀಬೇಡ... ಅಕ್ಕ, ಸಾಯ್ತೇನೆ!"

ಹೇಗೆ ಇಳಿದೆನೋ ಗೊತ್ತಿಲ್ಲ. ಕಾಲು ಮರಳಿನಲ್ಲಿ ಹೂತು ಬಿದ್ದೆ, ಉರುಳಿದೆ. ಅವನ ಕೋಟು ಕೈಗೆ ಸಿಕ್ಕಿತು. ಎಳೆದೆ. ಆ ಕಡೆಯಿಂದ ಯಾರೋ ಅವನನ್ನು ಎಳೆಯುತ್ತಿದ್ದರು. ನನ್ನ ಹೆಗಲಿಗೆ ಕಲ್ಲಿನ ಏಟು ಬಿತ್ತು, ಎಲುಬು ಲಟಕ್ಕೆಂದಿತು. ಮೊಬೈಲಿನ ಬೆಳಕು ಹಾಕಿದೆ.

ಅಲ್ಲಿ ಯಾರೂ ಇರಲಿಲ್ಲ. ಅವನ ಬಾಯಿಯೊಳಗೆ ಮರಳು ತುಂಬಿತ್ತು. ಕೆನ್ನೆ ಸೀಳಿ ಹಲ್ಲು ಕಾಣುತ್ತಿತ್ತು. ಕಣ್ಣಿದ್ದ ಕಡೆ... ಅದನ್ನು ಬರೆಯಲಾರೆ.

ನನ್ನ ಮುಖ ಕಂಡದ್ದೇ ತಡ, ಅವನು ಕಿರುಚಿ ಕೈಗೆ ಸಿಕ್ಕ ಕಲ್ಲಿನಿಂದ ನನ್ನ ಹಣೆಗೆ ಹೊಡೆದ. ಕೂಗು ಕೇಳಿ ಕಾಡಿನಂಚಿನಿಂದ ರಾಜೇಶ ಓಡಿ ಬಂದು ಹಿಡಿಯುವವರೆಗೂ ಹೊಡೆಯುತ್ತಲೇ ಇದ್ದ.

ಪೊಲೀಸರು ನನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದರು. ಜಗಳವಾಗಿತ್ತೇ? ನಿನ್ನ ಕೈಗೆ ರಕ್ತ ಹೇಗೆ ಬಂತು? ಸುಹಾಸನೇ ನನ್ನನ್ನು ಉಳಿಸಿದ. ಕತ್ತಲಲ್ಲಿ ತಾನೇ ಕಲ್ಲುಗಳ ಮೇಲೆ ಬಿದ್ದೆ ಎಂದು ಬರೆಸಿಕೊಟ್ಟ.

ಆದರೆ ಆಸ್ಪತ್ರೆಯಲ್ಲಿ, ನಾವಿಬ್ಬರೇ ಇದ್ದಾಗ, ಗೋಡೆಯ ಕಡೆ ತಿರುಗಿಕೊಂಡೇ ಹೇಳಿದ: "ಕಾಲು ಸಿಕ್ಕಿಬಿದ್ದಿತ್ತು, ಅದಕ್ಕೇ ಕರೆದೆ. ಬಂದೆ ಬಂದೆ ಅಂದಿಯಲ್ಲ? ನಗ್ತಾ ಬಂದೆ ನೀನು. ನಾನು ಎಂತ ಮಾಡಿದ್ದೆ ನಿಂಗೆ?"

"ನಾನಲ್ಲ. ಗಾಳಿಗೆ ನಿನ್ನ ಕೂಗು ನಂಗೆ ಕೇಳ್ಲೇ ಇಲ್ಲ" ಎಂದೆ.

ಅದು ಸುಳ್ಳು. ತಮ್ಮ ಕೂಗುವುದನ್ನು ಕೇಳಿಯೂ ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತೆ ಎಂದು ಯಾರಿಗೆ ಹೇಳಲಿ? ಅಮ್ಮನಿಗೂ ಹೇಳಲಿಲ್ಲ.

ಅವನನ್ನು ನಮ್ಮ ಮನೆಗೇ ಕರೆತಂದೆವು. ನಾನು ಊಟ ಇಟ್ಟರೆ ತಟ್ಟೆ ದೂಡುತ್ತಿದ್ದ. ರಾಜೇಶ ಇಟ್ಟರೆ ಉಣ್ಣುತ್ತಿದ್ದ. ತಿಂಗಳುಗಳ ನಂತರ ಒಂದು ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ನನ್ನಿಂದ ತಡೆಯಲಾಗಲಿಲ್ಲ. ಅವನ ಮುಂದೆ ನೆಲದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಎರಡು ಸಲವೂ ಕೇಳಿಸಿತ್ತು, ನಾನು ಓಗೊಡಲಿಲ್ಲ, ಬರಲಿಲ್ಲ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಒಂದೇ ಕಣ್ಣಿನಿಂದ ನನ್ನ ತುಟಿಗಳನ್ನೇ ನೋಡುತ್ತಿದ್ದ. ಮುಖ ಬಿಳಿಚಿಕೊಂಡಿತ್ತು.

"ನೀನು ಬಾಯಿ ಬಿಡ್ಲೇ ಇಲ್ವಾ ಅವತ್ತು?"

"ಇಲ್ಲ."

"ಹಾಗಾದ್ರೆ ಈಗ್ಲೂ ನೀನಲ್ವಾ?"

"ಈಗ ಎಂತ?"

"ಹಿತ್ತಿಲ ಕಡೆಯಿಂದ... ಬಂದೆ ಬಂದೆ ಅಂತಾ ಇದ್ದದ್ದು."

ನನಗೆ ಏನೂ ಕೇಳಿಸಿರಲಿಲ್ಲ. ಎದ್ದು ಹೋಗಿ ಹಿಂಬಾಗಿಲಿನ ಚಿಲಕ ನೋಡಿದೆ. ಹಾಕಿತ್ತು. ಅವನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಅಂದಿನಿಂದ ಅವನು ಕೈ ಕೊಸರಿಕೊಂಡಿಲ್ಲ. ಆದರೆ ನಾನು ಏನಾದರೂ ಹೇಳುವ ಮೊದಲು, ಪ್ರತಿ ಸಲ, ನನ್ನ ಬಾಯಿಯನ್ನು ನೋಡುತ್ತಾನೆ.