ಎರೆಯುವ ಲಕ್ಷ್ಮವ್ವ

ತುಂಗಾ ನಿದ್ದೆಯಲ್ಲಿ ಸ್ವಲ್ಪ ಹೊತ್ತು ಅಲುಗಾಡದಿದ್ದರೆ ಸಾಕು, ವನಜಾಕ್ಷಿ ಮಗಳ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದಳು. ಉಸಿರು ಬೆಚ್ಚಗೆ ತಾಗುತ್ತಿತ್ತು. ಆದರೂ ನಾಗಪುರದ ಒಂದು ಪತ್ರಿಕೆಯಲ್ಲಿ ಆ ಕೂಸು ಸತ್ತುಹೋಗಿತ್ತು.

೧೯೫೪ರ ಚಳಿಗಾಲ. "ಎರೆಯುವವಳ ಅಜ್ಞಾನಕ್ಕೆ ಧರಮಪೇಠದಲ್ಲಿ ಹಸುಗೂಸು ಬಲಿ" ಎಂದು ಅಚ್ಚಾಗಿತ್ತು. ಮನೆಯವರ ಹೆಸರಿರಲಿಲ್ಲ, ಕೂಸಿಗೆ ನೀರೆರೆಯುತ್ತಿದ್ದ ಲಕ್ಷ್ಮವ್ವನ ಹೆಸರಿತ್ತು. ನಡೆದದ್ದು ಇಷ್ಟೇ: ಕೂಸಿಗೆ ಜ್ವರ ಏರಿ ದವಾಖಾನೆಗೆ ಒಯ್ದಿದ್ದರು, ಗುಣವಾಗಿ ಮನೆಗೆ ಬಂದಿತ್ತು. ಎರೆದದ್ದಕ್ಕೂ ಜ್ವರಕ್ಕೂ ಸಂಬಂಧವಿಲ್ಲವೆಂದು ಡಾಕ್ಟರರೇ ಹೇಳಿದ್ದರು.

ಲಕ್ಷ್ಮವ್ವ ಗದಗಿನ ಕಡೆಯವಳು. ರೈಲ್ವೆ ಖಲಾಸಿಯಾಗಿದ್ದ ಗಂಡ ತೀರಿಕೊಂಡ ಮೇಲೂ ನಾಗಪುರ ಬಿಡದೆ, ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ಎರೆದೇ ಹೊಟ್ಟೆ ಹೊರೆದವಳು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, "ಅಳು ನನ್ನವ್ವಾ, ಈಗss ಅಳು. ಗಂಡ ಬಂದ ಮ್ಯಾಲ ಅಳಾಕ ಪುರಸೊತ್ತು ಸಿಗಾಂಗಿಲ್ಲ" ಎನ್ನುತ್ತ ಬಿಸಿನೀರು ಹುಯ್ದರೆ ಬಾಣಂತಿಗೂ ನಗು ಬರುತ್ತಿತ್ತು.

ಸುದ್ದಿ ಬಂದ ದಿನವೇ ತಿದ್ದಿಸೋಣವೆಂದು ವನಜಾಕ್ಷಿ ಎದ್ದಿದ್ದಳು. ಅತ್ತೆ ಕಾಶಿಬಾಯಿ ತಡೆದರು.

"ಹುಚ್ಚಿ! ಬದುಕಿದ್ದವರು ಸತ್ತರಂತ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗ್ತದ. ತಲಿಗೆ ಕಾಗಿ ಬಡದ್ರ, ಸತ್ತಾರಂತ ನಾವss ಬೀಗರಿಗೆ ಸುಳ್ಳು ತಂತಿ ಕಳಸೂದಿಲ್ಲೇನು?"

"ಆಮ್ಯಾಲೆ ಸುಳ್ಳಂತ ತಿಳಸ್ತೀವಲ್ರಿ, ಅತ್ಯಾ."

"ತಿಳಸೋಣಂತ. ಮೊದಲ ಕೂಸು ಗಟ್ಟಿ ಆಗ್ಲಿ."

ಹುಬ್ಬಳ್ಳಿಯಲ್ಲಿ ಮ್ಯಾಟ್ರಿಕ್ ಮುಗಿಸಿದ ವನಜಾಕ್ಷಿ ಇಂಥದನ್ನೆಲ್ಲ ನಂಬುವವಳಲ್ಲ. ಆದರೆ ಕೂಸಿನ ವಿಷಯದಲ್ಲಿ ನಂಬದಿರುವ ಧೈರ್ಯವೂ ಅವಳಿಗಿರಲಿಲ್ಲ. ಕೆಮ್ಮು ನಿಲ್ಲಲಿ, ಹಲ್ಲು ಬರಲಿ ಎನ್ನುತ್ತ ಮುಂದೂಡಿದಳು. ಅಷ್ಟರಲ್ಲಿ ಬೇರೆ ಓಣಿಗಳ ಬಾಣಂತಿಯರ ಮನೆಗಳು ಒಂದೊಂದಾಗಿ ಲಕ್ಷ್ಮವ್ವನಿಗೆ ಬಾಗಿಲು ಹಾಕಿದವು. ಅವಳು ಹತ್ತಿರದ ಕಾಮಠಿಯಲ್ಲಿ ಬೀಡಿ ಕಟ್ಟುತ್ತಿದ್ದಾಳೆಂದು ಯಾರೋ ಹೇಳಿದರು.

ಒಂದು ಮಧ್ಯಾಹ್ನ ಅವಳೇ ಬಂದು ಹೊಸ್ತಿಲ ಆಚೆ ನಿಂತಳು. ತುಂಗಾ ಕೈಚಾಚಿದಳು.

"ಎತ್ತಿಕೋ, ಲಕ್ಷ್ಮವ್ವ," ಎಂದಳು ವನಜಾಕ್ಷಿ.

"ಬ್ಯಾಡ್ರಿ ಬಾಯಾರ. ಕೈಯೆಲ್ಲಾ ತಂಬಾಕ ನಾತ. ಯಾರರ ನೋಡಿದ್ರ, ಇನ್ನೊಮ್ಮಿ ಕೊಂದ್ಲು ಅಂತ ಬರೀತಾರ." ನಕ್ಕಳು. ಆಮೇಲೆ ಮೆಲ್ಲಗೆ, "ಕೂಸು ಬದಕೈತಿ ಅಂತ ನೀವೊಬ್ರು ಅಂದಿದ್ರ ಸಾಕಿತ್ರಿ" ಎಂದಳು.

ಅವಳು ಹೋದ ಮೇಲೆ ವನಜಾಕ್ಷಿ ಅತ್ತೆಯನ್ನು ಕೇಳಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ಮೂಲೆಯ ಔಷಧದಂಗಡಿಗೆ ನಡೆದಳು, ಪತ್ರಿಕೆಯ ಕಚೇರಿಗೆ ಫೋನ್ ಮಾಡಿದಳು. ಅಷ್ಟು ಹಳೆಯ ಸುದ್ದಿ ಈಗ ಯಾರಿಗೆ ಬೇಕಮ್ಮ ಎಂದು ಆ ಕಡೆಯವನು ಗೊಣಗಿದ.

"ಸತ್ತಿತೆಂದು ನೀವು ಬರೆದ ಕೂಸಿನ ತಾಯಿ ನಾನು," ಎಂದಳು ಮರಾಠಿಯಲ್ಲಿ. "ಕೂಸು ಬದುಕಿದೆ. ಲಕ್ಷ್ಮವ್ವ ಏನೂ ತಪ್ಪು ಮಾಡಿಲ್ಲ. ಅಂದೇ ಹೇಳಬೇಕಿತ್ತು, ನಾನು ಹೇಳಲಿಲ್ಲ. ಈಗ ಬರೆದುಕೊಳ್ಳಿ."