ಫಿಲ್ಟರ್ ಹೇಳಿದ ಸಾಕ್ಷಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಾನು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದೆ. ಕೈಯಲ್ಲಿ ಟಾರ್ಚ್. ಮುಂದೆ ಒಂದು ಕಬ್ಬಿಣದ ಜಾಲರಿ. ಹುಡುಕುತ್ತಿದ್ದದ್ದು ನಾಯಿಯ ಕೂದಲು.

ನಾಯಿ ನಮ್ಮದಲ್ಲ. ಅದನ್ನು ನಾನು ನೋಡಿಯೂ ಇಲ್ಲ. ಹೆಸರು ಕೂಪರ್ ಅಂತ ಮಾತ್ರ ಗೊತ್ತು. ಆದರೂ ಅವತ್ತು ಆ ಕೂಪರನ ಒಂದೇ ಒಂದು ಕೂದಲು ಸಿಕ್ಕಿದ್ದರೆ ಸಾಕಿತ್ತು, ನಾನು ಗೆದ್ದುಬಿಡುತ್ತಿದ್ದೆ. ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವೊಂದು ಆರ್‌ವಿ ತೆಗೆದುಕೊಂಡಿದ್ದೇವೆ. ಗೊತ್ತಲ್ಲ, ಚಕ್ರದ ಮೇಲಿನ ಮನೆ. ಬಸ್ಸಿನಷ್ಟು ಉದ್ದ, ಒಳಗೆ ಹಾಸಿಗೆ, ಒಲೆ, ಫ್ರಿಜ್, ಬಚ್ಚಲು. ಸೆಕೆಂಡ್ ಹ್ಯಾಂಡ್. ರಿಟೈರ್ ಆದ ಒಬ್ಬ ಗಂಡ ಹೆಂಡತಿ ಇದರಲ್ಲಿ ಊರೂರು ಸುತ್ತಿದ್ದರಂತೆ, ಜೊತೆಗೆ ಕೂಪರ್. ನಾವಿರುವ ಟೆಕ್ಸಾಸಿನ ಮರ್ಫಿ ಊರಿನಲ್ಲಿ ಇಂಥದ್ದನ್ನು ಮನೆ ಮುಂದೆ ನಿಲ್ಲಿಸಿದರೆ ಕಾಲೋನಿಯವರು ಎರಡೇ ದಿನದಲ್ಲಿ ‘ತೆಗೆಯಿರಿ’ ಅಂತ ಕಾಗದ ಕಳಿಸುತ್ತಾರೆ. ಹಾಗಾಗಿ ಹತ್ತು ನಿಮಿಷ ದೂರದ ಒಂದು ಸ್ಟೋರೇಜ್ ಯಾರ್ಡಿನಲ್ಲಿ ನಿಲ್ಲಿಸುತ್ತೇವೆ. ವಾರಕ್ಕೊಮ್ಮೆ ಹೋಗಿ ಮಾತಾಡಿಸಿಕೊಂಡು ಬರುತ್ತೇವೆ.

ಯಾಕೆ ಬೇಕಿತ್ತು ಇದು? ಸ್ಲೀಪ್‌ಓವರಿಗೆ.

ನಗಬೇಡಿ. ನನ್ನ ಮಗಳು ಇಳಾಗೆ ಹತ್ತು ವರ್ಷ. ಈ ಹತ್ತು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಗೆಳತಿಯರ ಮನೆಯಲ್ಲಿ ಮಲಗಿಲ್ಲ. ಕಾರಣ ನಾನು. ಅವಳಿಗೆ ಧೂಳು ಆಗಿಬರುವುದಿಲ್ಲ. ಬೆಳಿಗ್ಗೆ ಎದ್ದರೆ ಸಾಲು ಸಾಲು ಸೀನು, ಒಮ್ಮೊಮ್ಮೆ ಎದೆಯಲ್ಲಿ ಸುಯ್ ಅನ್ನುವ ಸದ್ದು, ಆಮೇಲೆ ಇನ್‌ಹೇಲರ್. ಆ ಸದ್ದು ಕೇಳಿದ ದಿನ ರಾತ್ರಿಯೆಲ್ಲ ಅವಳ ಪಕ್ಕದಲ್ಲೇ ಎದ್ದು ಕೂತಿರುತ್ತೇನೆ. ಅದಕ್ಕೇ ಯಾರಾದರೂ ‘ಇವತ್ತು ಇಳಾ ಇಲ್ಲೇ ಇರಲಿ’ ಅಂದರೆ ಸಾಕು, ನನ್ನ ಇಂಟರ್‌ವ್ಯೂ ಶುರು. ನಿಮ್ಮನೇಲಿ ನಾಯಿ ಇದೆಯಾ? ಬೆಕ್ಕು? ಬೆಡ್‌ರೂಮಿನಲ್ಲಿ ಕಾರ್ಪೆಟ್ಟಾ? ದಿಂಬು ಪುಕ್ಕದ್ದಾ? (ಹತ್ತಿರದ ಮೆಕಿನ್ನಿ ಊರಿನ ಒಬ್ಬರು, ‘ನಮ್ಮತ್ತೆ ಇದ್ದಾರೆ, ಪರವಾಗಿಲ್ವಾ?’ ಅಂತ ಕೇಳಿದರು. ಆಮೇಲೆ ಕರೆಯುವುದನ್ನೇ ಬಿಟ್ಟರು.)

ಇಳಾ ಇದನ್ನೆಲ್ಲ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಒಂದು ದಿನ ಕಾರಿನಲ್ಲಿ ಹೇಳಿದಳು, “ಇಟ್ಸ್ ಓಕೆ ಅಮ್ಮಾ, ಡೋಂಟ್ ಆಸ್ಕ್ ದೆಮ್ ಎನಿಮೋರ್. ಐ ವೋಂಟ್ ಗೋ.” ಅತ್ತಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಅಳಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಹಾಗೆ ಬಂತು ಆರ್‌ವಿ. ಅವಳು ಬೇರೆಯವರ ಮನೆಗೆ ಹೋಗಲಾಗದಿದ್ದರೆ ಏನಂತೆ, ಗೆಳತಿಯರೇ ನಮ್ಮ ಚಕ್ರದ ಮನೆಗೆ ಬರಲಿ. ಪ್ಲಾನ್ ರೆಡಿಯಾಯಿತು. ಹ್ಯೂಸ್ಟನ್ ಹತ್ತಿರ ಮಿಸೌರಿ ಸಿಟಿಯಲ್ಲಿ ನನ್ನ ಗೆಳತಿ ವಿದ್ಯಾ ಇದ್ದಾಳೆ. ಅವಳಿಗೆ ಎರಡು ಹೆಣ್ಣು ಮಕ್ಕಳು. ಅವರು ಅಲ್ಲಿಂದ ಬರುವುದು, ನಾವು ಇಲ್ಲಿಂದ ಹೋಗುವುದು, ಆಸ್ಟಿನ್ ಪಕ್ಕದ ಒಂದು ಪಾರ್ಕಿನಲ್ಲಿ ಸೇರುವುದು. ಮೂರು ಹುಡುಗಿಯರು ಆರ್‌ವಿಯಲ್ಲಿ, ದೊಡ್ಡವರೆಲ್ಲ ಹೊರಗೆ ಟೆಂಟಿನಲ್ಲಿ. ಇಳಾ ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ನೇರಳೆ ಬಣ್ಣದ ವೃತ್ತ ಎಳೆದಳು.

ಅದಕ್ಕೂ ಮೊದಲು ಟ್ರಯಲ್ ಬೇಡವೇ? ಮರ್ಫಿಯಿಂದ ಅರ್ಧ ಗಂಟೆಯಲ್ಲಿ ಒಂದು ಕೆರೆ ಇದೆ, ಪಕ್ಕದಲ್ಲಿ ಕ್ಯಾಂಪ್‌ಗ್ರೌಂಡ್. ಚಳಿಗಾಲ, ಫರ್ನೇಸ್ ಹಾಕಿಕೊಂಡು ಬೆಚ್ಚಗೆ ಮಲಗಿದೆವು. ಬೆಳಿಗ್ಗೆ ಇಳಾ ಎದ್ದಳು. ಒಂದು ಸೀನು. ಎರಡು. ಹನ್ನೊಂದರವರೆಗೆ ಎಣಿಸಿದೆ. ಆಮೇಲೆ ಸುಯ್.

“ಕ್ಯಾನ್ಸಲ್,” ಅಂದೆ ನಾನು.

“ತಡಿ ಒಂಚೂರು,” ಅಂದರು ನಮ್ಮನೆಯವರು. ಧಾರವಾಡದವರು. ಮನೆಗೆ ಬೆಂಕಿ ಬಿದ್ದರೂ ಮೊದಲು ಒಂಚೂರು ತಡಿ ಅನ್ನುವ ಪೈಕಿ. “ಮನ್ಯಾಗಿನ ಫರ್ನೇಸಿಗೆ ಫಿಲ್ಟರ್ ಇರ್ತದ. ಇದಕ್ಕ ಇಲ್ಲ. ಒಂದು ಹಾಕಿ ನೋಡೂಣು.”

ನಿಜವೇ. ಆರ್‌ವಿಯ ಫರ್ನೇಸ್ ಮಾಡುವ ಕೆಲಸ ಇಷ್ಟೇ: ಕೆಳಗೊಂದು ಜಾಲರಿಯಿಂದ ಒಳಗಿನ ತಣ್ಣನೆ ಗಾಳಿ ಎಳೆದುಕೊಳ್ಳುತ್ತದೆ, ಬಿಸಿ ಮಾಡುತ್ತದೆ, ಪೈಪುಗಳಲ್ಲಿ ಮೂಲೆಮೂಲೆಗೂ ಊದುತ್ತದೆ. ಎಳೆದುಕೊಂಡ ಗಾಳಿಯಲ್ಲಿ ಧೂಳಿದ್ದರೆ ಧೂಳನ್ನೂ ಬಿಸಿಬಿಸಿಯಾಗಿ ಬಡಿಸುತ್ತದೆ. ನಮ್ಮದಕ್ಕೆ ಕಂಪನಿಯಿಂದಲೇ ಫಿಲ್ಟರ್ ಬಂದಿರಲಿಲ್ಲ. ಸರಿ, ತರಲು ನಾನೇ ಹೋದೆ.

ಅಂಗಡಿಯಲ್ಲಿ ಏನು ನೋಡುತ್ತೀರಿ? ಫಿಲ್ಟರುಗಳಿಗೂ ಮಾರ್ಕ್ಸ್! ಒಂದರ ಮೇಲೆ ನಾಲ್ಕು, ಇನ್ನೊಂದರ ಮೇಲೆ ಎಂಟು, ಮೇಲಿನ ಶೆಲ್ಫಿನಲ್ಲಿ ಹದಿಮೂರು. ನಂಬರ್ ಏರಿದಷ್ಟೂ ಸಣ್ಣ ಧೂಳನ್ನೂ ಬಿಡದೆ ಹಿಡಿಯುತ್ತದಂತೆ. ನಾನು ಮೈಸೂರಿನಲ್ಲಿ ಶಾಲೆ ಕಲಿತವಳು ಸ್ವಾಮಿ. ನಾಲ್ಕನ್ನೂ ಹದಿಮೂರನ್ನೂ ಎದುರಿಗಿಟ್ಟರೆ ನಾಲ್ಕನ್ನು ಎತ್ತಿಕೊಂಡು ಮನೆಗೆ ಹೋಗುವ ಮುಖ ನನಗಿದೆಯೇ? ಹದಿಮೂರು ತಂದೆ. ನಮ್ಮನೆಯವರು ಡಬ್ಬಿಯನ್ನು ತಿರುಗಿಸಿ ನೋಡಿ, “ಇದು ಭಾಳ ದಪ್ಪ ಆತು ಅನಸ್ತದ,” ಅಂದರು. “ನಿಮಗೇನು ಗೊತ್ತು,” ಅಂದೆ. (ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಈ ವಾಕ್ಯ ನನಗೆ ಎಷ್ಟು ಉಪಕಾರ ಮಾಡಿದೆ ಅಂತ ಬೇರೆಯೇ ಬರೆಯಬಹುದು.) ಅವರು ಅದನ್ನು ಅಳತೆಗೆ ಕತ್ತರಿಸಿ ಜಾಲರಿಯ ಹಿಂದೆ ಕೂರಿಸಿದರು.

ಸ್ವಿಚ್ ಹಾಕಿದೆವು. ಬೆಚ್ಚಗಿನ ಗಾಳಿ ಬಂತು. ಐದು ನಿಮಿಷ. ಆಮೇಲೆ ತಣ್ಣಗಿನ ಗಾಳಿ. ಮತ್ತೆ ಸ್ವಲ್ಪ ಹೊತ್ತು ಬೆಚ್ಚಗೆ, ಮತ್ತೆ ತಣ್ಣಗೆ. ಹೊಸ ಫಿಲ್ಟರಿನಿಂದ ಮಗಳ ಧೂಳು ಹೋಗುವ ಮೊದಲು ನಮ್ಮ ಶಾಖವೇ ಹೋಗಿತ್ತು.

ಯಾರ್ಡಿನಲ್ಲಿ ನಮ್ಮ ಪಕ್ಕದ ಗಾಡಿ ಅರ್ಲ್ ಎಂಬ ತಾತನದ್ದು. ಟೆಕ್ಸಾಸಿನವನೇ. ನಮ್ಮ ಪರದಾಟ ನೋಡಿ ಬಂದ, ಬಗ್ಗಿದ, ಜಾಲರಿ ಬಿಚ್ಚಿ ಫಿಲ್ಟರನ್ನು ಎರಡು ಬೆರಳಲ್ಲಿ ಹೊರಗೆಳೆದ. ಫರ್ನೇಸ್ ಜೀವ ಬಂದ ಹಾಗೆ ಉರಿಯಿತು, ಉರಿಯುತ್ತಲೇ ಇತ್ತು. ಆತ ಹೇಳಿದ್ದರ ಸಾರಾಂಶ ಇಷ್ಟು: ಈ ಪುಟ್ಟ ಫರ್ನೇಸಿಗೆ ಧಾರಾಳ ಗಾಳಿ ಬೇಕು. ಗಾಳಿ ಸಾಲದಿದ್ದರೆ ಒಳಗೆ ಬಿಸಿ ವಿಪರೀತ ಏರುತ್ತದೆ, ಆಗ ಅಪಾಯ ಬೇಡ ಅಂತ ಒಂದು ಸ್ವಿಚ್ ತಾನಾಗಿ ಉರಿ ಆರಿಸುತ್ತದೆ. ಮುಖದ ಮೇಲೆ ದಿಂಬು ಒತ್ತಿ ಹಾಡು ಅಂದರೆ ಯಾರು ಹಾಡುತ್ತಾರೆ? ಆಚೆಯ ಬೆಳಕು ಕಾಣುವಷ್ಟು ತೆಳ್ಳಗಿನದ್ದು ತನ್ನಿ, ಆಗಾಗ ತೆಗೆದು ನೋಡುತ್ತಿರಿ.

ತಾತ ಹೋದ ಮೇಲೆ ನಮ್ಮನೆಯವರು ಆ ಹದಿಮೂರನ್ನು ಪಕ್ಕಕ್ಕೆ ಎತ್ತಿಟ್ಟರು. ಎತ್ತಿಡುತ್ತಾ ಸೀಟಿ ಹೊಡೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ತೆಳ್ಳಗಿನದ್ದು ಬಂತು. ಸೊಳ್ಳೆಪರದೆಗೆ ಅಣ್ಣನೋ ತಮ್ಮನೋ ಅನ್ನುವ ಹಾಗಿರುವ ಬಿಳಿ ತುಂಡು. ಮಾರ್ಕ್ಸು ಹೇಳಿಕೊಳ್ಳುವ ಹಾಗಿಲ್ಲ. ಆದರೆ ಫರ್ನೇಸ್ ಒಪ್ಪಿತು. ಮುಂದಿನ ಶುಕ್ರವಾರ ಮತ್ತೆ ಅದೇ ಕೆರೆ, ಎರಡು ರಾತ್ರಿಯ ಟ್ರಯಲ್. ಶನಿವಾರ ಬೆಳಿಗ್ಗೆ ಏಳು ಸೀನು. ಭಾನುವಾರ ಬೆಳಿಗ್ಗೆ ಒಂಬತ್ತು. ಸುಯ್ ಇರಲಿಲ್ಲ, ನಿಜ. ಆದರೆ ಆಸ್ಟಿನ್ ಟ್ರಿಪ್ಪಿಗೆ ಉಳಿದದ್ದು ಒಂದೇ ವಾರ. ಇಳಾ ಟಿಶ್ಯೂ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು, ರಿಸಲ್ಟಿಗೆ ಕಾಯುವವಳ ಹಾಗೆ.

ಆಗಲೇ ನಾನು ಟಾರ್ಚ್ ಹಿಡಿದು ನೆಲಕ್ಕೆ ಬಿದ್ದದ್ದು. “ಆ ನಾಯೀದೇ ಇದು! ಮೂಲೆಮೂಲೆಯಲ್ಲೂ ಅದರ ಕೂದಲು ಸೇರಿಕೊಂಡಿರತ್ತೆ. ನೋಡ್ರೀ ಬೇಕಾದ್ರೆ, ನಾಯಿ ಇದ್ದ ಗಾಡಿ ಬೇಡ ಅಂತ ನಾನು ಆವತ್ತೇ ಹೇಳಿದ್ದೆ!” (ಹೇಳಿರಲಿಲ್ಲ. ಬಣ್ಣ ಚೆನ್ನಾಗಿದೆ ಅಂದಿದ್ದೆ.)

ನಮ್ಮನೆಯವರು ಫರ್ನೇಸ್ ಆಫ್ ಮಾಡಿ ಜಾಲರಿಯ ಸ್ಕ್ರೂ ಬಿಚ್ಚಿದರು. ಫಿಲ್ಟರನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಎರಡೇ ದಿನದ ಹಿಂದೆ ಮಲ್ಲಿಗೆಯ ಬಿಳುಪಿದ್ದ ತುಂಡು ಅದು. ಈಗ ಮೇಲಿನ ಅರ್ಧ ಬೂದಿ ಬಣ್ಣ. ನಡುವೆ ಒಂದಿಷ್ಟು ಕೆಂಪು. ಅಲ್ಲಲ್ಲಿ ಹಳದಿ. ನಾಯಿಯ ಕೂದಲು ಒಂದೂ ಇಲ್ಲ. ಅವರು ಅದನ್ನು ಮೂಗಿನ ಹತ್ತಿರ ತಂದರು, ಆಮೇಲೆ ನನ್ನ ಕೈಗೆ ಕೊಟ್ಟರು.

ನಾನೂ ಮೂಸಿದೆ. ಶ್ರೀಗಂಧ. ಅಪ್ಪಟ ಮೈಸೂರಿನದು.

ತಲೆಯೆತ್ತಿದೆ. ಜಾಲರಿಯ ಮೇಲೆ ಸರಿಯಾಗಿ ಒಂದು ಮೊಳ ಎತ್ತರದಲ್ಲಿ ಒಂದು ಪುಟ್ಟ ಶೆಲ್ಫ್. ಗಾಡಿ ಬಂದ ದಿನವೇ, ‘ಆಹಾ, ದೇವರಿಗೆ ಹೇಳಿ ಮಾಡಿಸಿದ ಜಾಗ’ ಅಂತ ನಾನೇ ಗಣಪನನ್ನು ಕೂರಿಸಿದ್ದೆ. ವಾಹನ ಅಲ್ಲವೇ, ಸುಮ್ಮನೆ ಬಿಡುವುದಕ್ಕಾಗುತ್ತದೆಯೇ? ಗಾಡಿಯಲ್ಲಿ ಇದ್ದಷ್ಟೂ ದಿನ ಬೆಳಿಗ್ಗೆ ಎರಡು ಅಗರಬತ್ತಿ, ಸಂಜೆ ಎರಡು, ಶುಕ್ರವಾರ ಸಾಂಬ್ರಾಣಿ, ಅರಿಶಿನ ಕುಂಕುಮ. ನಾನು ಕಣ್ಣುಮುಚ್ಚಿ ಕೈಮುಗಿಯುತ್ತಿದ್ದೆ. ಕೆಳಗೆ ಫರ್ನೇಸ್ ಬಾಯಿತೆರೆದು ಎಲ್ಲವನ್ನೂ ಎಳೆದುಕೊಳ್ಳುತ್ತಿತ್ತು, ಬೆಚ್ಚಗೆ ಮಾಡುತ್ತಿತ್ತು, ತಲುಪಿಸುತ್ತಿತ್ತು. ಎಲ್ಲಿಗೆ? ಒಂದು ಪೈಪಿನ ಬಾಯಿ ಇದ್ದದ್ದು ಇಳಾಳ ದಿಂಬಿನ ಪಕ್ಕದಲ್ಲೇ. ಫಿಲ್ಟರ್ ಬೂದಿಯನ್ನು ಹಿಡಿಯಿತು, ಪಾಪ. ಹೊಗೆಯನ್ನು ಹಿಡಿಯಲು ಆ ತೆಳ್ಳಗಿನ ತುಂಡಿಗೆ ಶಕ್ತಿ ಎಲ್ಲಿಂದ ಬರಬೇಕು?

“ಮನೆಯಲ್ಲೂ ಹಚ್ತೀನಲ್ಲ,” ಅಂದೆ. ದನಿ ನನಗೇ ಕೇಳಿಸಲಿಲ್ಲ.

“ಹೌದು. ಮನಿ ಫಿಲ್ಟರೂ ಹಿಂಗ ಇರ್ತದ. ತಿಂಗಳಾ ನಾನ ಬದಲಾಸ್ತೀನಿ.”

“ಮತ್ತೆ ಹೇಳಬಾರದಾ?”

“ಹೇಳಿದ್ದೆ. ಆವಾಗ ನೀ ಟೆಕ್ಸಾಸಿನ ಗಿಡಗಳ ಮ್ಯಾಲೆ ಸಿಟ್ಟಿಗೆದ್ದಿದ್ದಿ.”

ಅದೂ ನಿಜ. ಇಳಾಳ ಸೀನಿಗೆ ನಾನು ಯಾರ್ಯಾರನ್ನು ಬೈದಿಲ್ಲ? ಚಳಿಗಾಲದಲ್ಲಿ ಪರಾಗ ಉದುರಿಸಿ ಊರಿಗೆಲ್ಲ ಸೀನು ಹಂಚುವ ಇಲ್ಲಿನ ಸೀಡರ್ ಮರಗಳನ್ನು ಬೈದಿದ್ದೇನೆ. ಕಾರ್ಪೆಟ್ ಹಾಕಿದ ಬಿಲ್ಡರನ್ನು, ಪಕ್ಕದ ಮನೆಯ ಬೆಕ್ಕನ್ನು, ಲಾನ್ ಕತ್ತರಿಸುವವರನ್ನು, ಕೊನೆಗೆ ಮುಖ ನೋಡದ ಕೂಪರನ್ನು ಬೈದಿದ್ದೇನೆ. ಇಷ್ಟು ದೊಡ್ಡ ರಾಜ್ಯವನ್ನೆಲ್ಲ ಜಾಲಾಡಿದವಳಿಗೆ ನನ್ನ ಕೈಯಲ್ಲೇ ಉರಿಯುತ್ತಿದ್ದ ಕಡ್ಡಿ ಕಾಣಲಿಲ್ಲ. ನಮ್ಮ ಹೊಗೆ ನಮಗೆ ಪರಿಮಳ. ಪಕ್ಕದವರದ್ದಾದರೆ ಪೊಲ್ಯೂಶನ್.

ಆಗ ಇಳಾ ಮೆಲ್ಲಗೆ ಅಂದಳು, “ಅಮ್ಮಾ, ಐ ನೆವರ್ ಸ್ನೀಜ್ ಅಟ್ ಸ್ಕೂಲ್.”

ಬೇರೆ ಯಾರಾದರೂ ಹೇಳಿದ್ದರೆ ವಾದ ಮಾಡುತ್ತಿದ್ದೆ. ಅವಳು ದೂರುತ್ತಿರಲಿಲ್ಲ, ನನಗೆ ಸಹಾಯವಾಗಲಿ ಅಂತ ಹೇಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಎಷ್ಟು ಬರ್ತ್‌ಡೇಗಳಿಂದ ಈ ಹುಡುಗಿಯನ್ನು ರಾತ್ರಿ ಒಂಬತ್ತಕ್ಕೆ ಎಬ್ಬಿಸಿಕೊಂಡು ಬಂದಿದ್ದೇನೆ! ಉಳಿದ ಮಕ್ಕಳು ಪೈಜಾಮ ಹಾಕಿಕೊಂಡು ಬಾಗಿಲಲ್ಲಿ ನಿಂತು ಟಾಟಾ ಮಾಡುತ್ತಿದ್ದರು. ಇವಳು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು.

ಗಣಪನಿಗೆ ಈಗ ಒಂದು ಹೂವು, ಒಂದು ನಮಸ್ಕಾರ. ಆತ ಏನೂ ಬೇಜಾರು ಮಾಡಿಕೊಂಡ ಹಾಗಿಲ್ಲ. ಇಷ್ಟು ದಿನ ಅವನೂ ಕಷ್ಟಪಟ್ಟು ತಡೆದುಕೊಂಡಿದ್ದನೋ ಏನೋ. ಅಷ್ಟುದ್ದದ ಮೂಗು ಬೇರೆ.

ಆ ಭಾನುವಾರವೇ ಆರ್‌ವಿಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಒಳಗೆ ಒರೆಸಿ, ಹಾಸಿಗೆ ಬಟ್ಟೆ ಒಗೆದು, ಹೊಸ ತೆಳ್ಳಗಿನ ಫಿಲ್ಟರ್ ಕೂರಿಸಿದೆವು. ಮುಂದಿನ ವಾರ ಆಸ್ಟಿನ್ನಿಗೆ ಹೊರಟೆವು. ಮೂರು ಹುಡುಗಿಯರು ಆರ್‌ವಿ ಹತ್ತಿ ಬಾಗಿಲು ಹಾಕಿಕೊಂಡರು. ಒಳಗಿಂದ ಕಿಲಕಿಲ. ಬಾಗಿಲ ಮೇಲೆ ಒಂದು ಚೀಟಿ: ಪೇರೆಂಟ್ಸ್ ನಾಟ್ ಅಲೌಡ್.

ಬೆಳಿಗ್ಗೆ ಆರಕ್ಕೇ ಎದ್ದು ಆರ್‌ವಿಯ ಬಾಗಿಲ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಕಿವಿಯೆಲ್ಲ ಒಳಗೆ. ಏಳಾಯಿತು, ಏಳೂವರೆಯಾಯಿತು. ಬಾಗಿಲು ತೆರೆಯಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ. ಇಳಾ ಮೂಗು ಮುಟ್ಟಿಕೊಂಡಳು. ನಾನು ಕುರ್ಚಿಯ ತುದಿಗೆ ಸರಿದೆ. ಅವಳು ಸುಮ್ಮನೆ ತುರಿಸಿಕೊಂಡಳು ಅಷ್ಟೆ, ಒಂದೂ ಸೀನಲಿಲ್ಲ. ಸೀನಿದ್ದು ನಾನು. ರಾತ್ರಿಯಿಡೀ ಸೀಡರ್ ಮರದ ಕೆಳಗೆ ಟೆಂಟಿನಲ್ಲಿ ಮಲಗಿದ್ದೆನಲ್ಲ, ಒಂದರ ಹಿಂದೆ ಒಂದು ಐದು.

“ಬ್ಲೆಸ್ ಯೂ,” ಅಂದಳು ಮಗಳು, ಡಾಕ್ಟರಮ್ಮನ ಹಾಗೆ.

ವಿದ್ಯಾ ಕಾಫಿ ಲೋಟ ಹಿಡಿದುಕೊಂಡು ಬಂದಳು. “ಸುಮಾ, ಮುಂದಿನ ತಿಂಗಳು ಇಳಾನ ನಮ್ಮನೆಗೆ ಕಳಿಸೇ. ಎರಡು ದಿನ ಇರಲಿ. ನೀನು ಏನೇನು ಕೇಳಬೇಕೋ ಈಗಲೇ ಕೇಳಿಬಿಡು, ನಮ್ಮನೇಲಿ ನಾಯಿ ಇರೋದಂತೂ ಗೊತ್ತೇ ಇದೆ.”

ನಾನು ಬಾಯಿ ತೆರೆದೆ. ಇಳಾ ನನ್ನ ಕಡೆ ನೋಡಿದಳು. ನಾನು ಬಾಯಿ ಮುಚ್ಚಿದೆ.

ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಥೇಟ್ ನನ್ನದೇ ದನಿಯಲ್ಲಿ, ಸ್ವಚ್ಛ ಕನ್ನಡದಲ್ಲಿ ವಿದ್ಯಾಳನ್ನು ವಿಚಾರಿಸಿದಳು: “ಆಂಟಿ, ನಿಮ್ಮನೇಲಿ ಅಗರಬತ್ತಿ ಹಚ್ತೀರಾ?”